ಗಾಜಿನ ಕೋಶದ ಯೂರಿಯಾ

ಚಾಂಗ್‌ಶಾ
9 ಏಪ್ರಿಲ್ 2023

ಪ್ರೀತಿಯ ಅಕ್ಕನಿಗೆ ಜೂಫಾಂಗ್ ಮಾಡುವ ನಮಸ್ಕಾರಗಳು.

ನೀನು ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಬರೆದ ಕಾಗದ ಬಂದು ಮೂರು ವಾರವಾಯಿತು. ‘ಬದುಕಿದ್ದೀಯೋ ಇಲ್ಲವೋ, ಅಷ್ಟಾದರೂ ಬರೆ’ ಅಂತ ಒಂದೇ ಸಾಲು. ಬದುಕಿದ್ದೇನೆ ಅಕ್ಕ. ಹೊಸ ವರ್ಷದ ಹಬ್ಬಕ್ಕೆ ನಮ್ಮೂರು ಶುಪುಗೆ ಬರುತ್ತೇನೆಂದು ಹೇಳಿ ಬರಲಿಲ್ಲ. ಮೊನ್ನೆ ಚಿಂಗ್‌ಮಿಂಗ್ ಹಬ್ಬಕ್ಕೆ ಅಪ್ಪ ಅಮ್ಮನ ಸಮಾಧಿ ಗುಡಿಸುವುದಕ್ಕೂ ಬರಲಿಲ್ಲ. ನೀನೊಬ್ಬಳೇ ಕತ್ತಿ ಹಿಡಿದು ಗುಡ್ಡ ಹತ್ತಿದೆ, ಹುಲ್ಲು ಸವರಿದೆ ಎಂದು ನಿನ್ನ ಸೊಸೆ ಸಂದೇಶ ಕಳಿಸಿದ್ದಳು. ಕ್ಷಮಿಸು ಎಂದು ಬರೆದರೆ ನಿನಗೆ ಇನ್ನೂ ಸಿಟ್ಟು ಬರುತ್ತದೆ, ಗೊತ್ತು. ಆದರೂ ಕ್ಷಮಿಸು.

ಫೋನ್ ಮಾಡಿ ಹೇಳೋಣವೆಂದರೆ ಮೂವತ್ತೊಂದು ವರ್ಷ ಗೊಬ್ಬರದ ಕಾರ್ಖಾನೆಯ ಕಂಪ್ರೆಸರ್ ಮನೆಯಲ್ಲಿ ಕೂತು ನಿನ್ನ ಕಿವಿ ಹೋಗಿದೆ. ಕಳೆದ ಸಲ ನಾನು ‘ಯೂರಿಯಾ’ ಅಂದೆ, ನೀನು ‘ಊರಿಗಾ? ಯಾವಾಗ ಬರ್ತೀಯ?’ ಅಂದೆ. ಪಕ್ಕದಲ್ಲಿ ನಿನ್ನ ಇಸ್ಪೀಟಿನ ಗೆಳತಿಯರು ನಕ್ಕದ್ದು ನನಗೆ ಇಲ್ಲಿಗೆ ಕೇಳಿಸಿತು. ಅದಕ್ಕೇ ಕಾಗದ.

ನೀನು ಕಳಿಸಿದ ಹೊಗೆ ಹಿಡಿಸಿದ ಮಾಂಸ, ಕೊಚ್ಚಿದ ಮೆಣಸಿನಕಾಯಿಯ ಜಾಡಿ ಎರಡೂ ಬಂದವು. ಜಾಡಿಯನ್ನು ಪ್ರಯೋಗಾಲಯದ ಹುಡುಗರು ಊಟದ ಹೊತ್ತಿಗೆ ನನ್ನ ಮೇಜಿನಿಂದಲೇ ಹಾರಿಸಿಕೊಂಡು ಹೋಗಿ ಖಾಲಿ ಮಾಡಿದರು. ನಾನು ಈಚೆಗೆ ಖಾರ ತಿನ್ನುತ್ತಿಲ್ಲ. ತಿಂದದ್ದು ಸೇರುತ್ತಿಲ್ಲ. ವೈದ್ಯರು ನೋಡಿ ಏನೂ ಇಲ್ಲ, ಯೋಚನೆ ಕಡಿಮೆ ಮಾಡಿ ಅಂದರು.

ನಾವು ಇಲ್ಲಿ ಏನು ಮಾಡುತ್ತಿದ್ದೇವೆ ಎಂದು ನೀನು ಎಷ್ಟೋ ಸಲ ಕೇಳಿದ್ದೀಯ. ನಿಮ್ಮ ಕಾರ್ಖಾನೆಯಲ್ಲಿ ಕಲ್ಲಿದ್ದಲು ಉರಿಸಿ ಅಮೋನಿಯಾ ಮಾಡಿ, ಅದನ್ನೂ ಇಂಗಾಲದ ಡೈಆಕ್ಸೈಡನ್ನೂ ದೊಡ್ಡ ಒತ್ತಡದಲ್ಲಿ ಕಾಯಿಸಿ ಯೂರಿಯಾ ಮಾಡುತ್ತಿದ್ದಿರಲ್ಲ, ಅದನ್ನೇ ನಾವು ಎರಡು ಬಟ್ಟಲಿನಷ್ಟು ದೊಡ್ಡದಾದ ಗಾಜಿನ ಕೋಶದಲ್ಲಿ ಮಾಡಲು ನೋಡುತ್ತಿದ್ದೇವೆ. ಬೆಂಕಿ ಇಲ್ಲ, ಒತ್ತಡ ಇಲ್ಲ. ಉಪ್ಪುನೀರಿನೊಳಗೆ ಒಂದು ಚೂರು ಕಾರ್ಬನ್ ಕಾಗದ. ಅದರ ಮೇಲೆ ಪಲ್ಲೇಡಿಯಂ, ತಾಮ್ರ ಸೇರಿದ ವೇಗವರ್ಧಕದ ಪುಡಿ ಲೇಪಿಸಿರುತ್ತೇವೆ. ಒಂದು ಕೊಳವೆಯಲ್ಲಿ ಇಂಗಾಲದ ಡೈಆಕ್ಸೈಡ್, ಇನ್ನೊಂದರಲ್ಲಿ ಗಾಳಿಯಲ್ಲಿರುವ ಸಾರಜನಕ ಬಿಟ್ಟು ಕರೆಂಟು ಹಾಯಿಸುತ್ತೇವೆ. ಎರಡೂ ಆ ಪುಡಿಯ ಮೈಮೇಲೆ ಕೂಡಿಕೊಂಡರೆ ನೀರಿನಲ್ಲಿ ಯೂರಿಯಾ. ಆಮೇಲೆ ಆ ನೀರಿಗೆ ಒಂದು ದ್ರಾವಣ ಸೇರಿಸಿ ಕಾಯಿಸಿದರೆ ಗುಲಾಬಿ ಬಣ್ಣ ಬರುತ್ತದೆ. ಬಣ್ಣ ಎಷ್ಟು ಗಾಢವೋ ಯೂರಿಯಾ ಅಷ್ಟು.

ಎರಡು ವರ್ಷದಿಂದ ನಮಗೆ ಬಣ್ಣ ಬರುತ್ತಿದೆ ಅಕ್ಕ. ಚೆನ್ನಾಗಿಯೇ ಬರುತ್ತಿದೆ.

ನಾವು ಸಣ್ಣವರಿದ್ದಾಗ ಕಮ್ಯೂನಿನ ಕಾರ್ಯದರ್ಶಿ ಜಪಾನಿನಿಂದ ಬಂದ ಗೊಬ್ಬರದ ಚೀಲದಲ್ಲಿ ಪ್ಯಾಂಟ್ ಹೊಲಿಸಿಕೊಂಡಿದ್ದ, ನೆನಪಿದೆಯಾ? ಮುಂದೆ ‘ಜಪಾನ್’, ಹಿಂದೆ ‘ಯೂರಿಯಾ’. ಎಷ್ಟು ಕಪ್ಪು ಬಣ್ಣ ಹಾಕಿದರೂ ಅಕ್ಷರ ಹೋಗಿರಲಿಲ್ಲ. ಸಭೆಯಲ್ಲಿ ಅವನು ತಿರುಗಿ ನಿಂತಾಗ ನೀನು ಗಟ್ಟಿಯಾಗಿ ಓದಿ ಅಮ್ಮನ ಕೈಲಿ ಏಟು ತಿಂದೆ. ಇದನ್ನು ನನ್ನ ಹುಡುಗರಿಗೆ ಹೇಳಿದೆ, ಯಾರೂ ನಂಬಲಿಲ್ಲ. ಚೀಲಕ್ಕೂ ಗತಿ ಇಲ್ಲದ ಕಾಲದಿಂದ ಗಾಜಿನ ಕೋಶಕ್ಕೆ ಬಂದೆವು ಎಂದು ನಮ್ಮ ಸಂಸ್ಥೆಯ ನಿರ್ದೇಶಕ ಓಯಾಂಗ್ ಭಾಷಣದಲ್ಲಿ ಈ ಕಥೆ ಸೇರಿಸಿಕೊಂಡಿದ್ದಾರೆ. ಜೂನ್‌ನಲ್ಲಿ ಪ್ರಾಂತದ ತಜ್ಞರ ಸಮಿತಿ ನಮ್ಮ ಪ್ರಯೋಗಾಲಯಕ್ಕೆ ಬರುತ್ತದೆ. ‘ಜೂಫಾಂಗ್, ನೀವೇನೂ ಮಾತಾಡೋದು ಬೇಡ. ಆ ಗುಲಾಬಿ ನೀರು ಎತ್ತಿ ತೋರಿಸಿ ಸಾಕು’ ಎಂದು ಅವರು ಈಗಾಗಲೇ ನನ್ನನ್ನು ರೇಗಿಸುತ್ತಿದ್ದಾರೆ.

ಈ ಕೆಲಸವೆಲ್ಲ ಮಾಡಿದವಳು ನನ್ನ ಸಂಶೋಧನಾ ವಿದ್ಯಾರ್ಥಿನಿ ಕ್ವಾಂಗ್ ಮಿನ್. ಶಾವೊಯಾಂಗ್ ಕಡೆಯವಳು, ಇಪ್ಪತ್ತೊಂಬತ್ತು ವರ್ಷ. ಅಪ್ಪ ಬಸ್ ಓಡಿಸುತ್ತಾನೆ, ಅಮ್ಮ ಬಾತುಕೋಳಿ ಸಾಕುತ್ತಾಳೆ. ನನ್ನ ಬಳಿ ಬಂದು ಏಳನೆಯ ವರ್ಷ. ಮಾತು ಕಡಿಮೆ, ಬರಹ ಮುತ್ತಿನ ಹಾಗೆ. ಈ ಜೂನ್ ಒಳಗೆ ಪ್ರಬಂಧ ಒಪ್ಪಿಸದಿದ್ದರೆ ನಿಯಮದ ಪ್ರಕಾರ ಅವಳ ಹೆಸರು ತೆಗೆದುಹಾಕುತ್ತಾರೆ. ಅದಕ್ಕೆ ಮೊದಲು ನಮ್ಮ ಲೇಖನ ಒಂದು ವಿಜ್ಞಾನ ಪತ್ರಿಕೆಯಲ್ಲಿ ಬರಬೇಕು.

ಲೇಖನ ನೋಡಿದ ಪರೀಕ್ಷಕರಲ್ಲಿ ಒಬ್ಬರು ಎರಡು ಪ್ರಶ್ನೆ ಕೇಳಿದ್ದಾರೆ. ಸಾರಜನಕದ ಬದಲು ಆರ್ಗಾನ್ ಹಾಯಿಸಿ ಮಾಡಿದ ಪ್ರಯೋಗ ಎಲ್ಲಿ? ಆರ್ಗಾನ್ ಯಾವುದರ ಜೊತೆಗೂ ಕೂಡದ ಅನಿಲ. ಅದನ್ನು ಹಾಕಿದಾಗ ಬಣ್ಣ ಬರಬಾರದು. ಎರಡನೆಯದು, ಭಾರದ ಸಾರಜನಕ ಹಾಯಿಸಿ ನೋಡಿ ಅಂತ. ಅದು ಗುರುತು ಹಾಕಿದ ಸಾರಜನಕ ಎಂದುಕೋ. ಯೂರಿಯಾ ನಿಜವಾಗಿ ಆ ಅನಿಲದಿಂದಲೇ ಹುಟ್ಟಿದ್ದರೆ ಗುರುತು ಅದರಲ್ಲೂ ಕಾಣುತ್ತದೆ.

ನ್ಯಾಯವಾದ ಪ್ರಶ್ನೆಗಳೇ. ಹೆದರುವಂಥದ್ದೇನೂ ಇಲ್ಲ. ಹೀಗೆ ನನಗೆ ನಾನೇ ದಿನಕ್ಕೆ ಹತ್ತು ಸಲ ಹೇಳಿಕೊಳ್ಳುತ್ತೇನೆ. ಒಂದೇ ಒಂದು ವಿಷಯ: ಪ್ರಯೋಗವನ್ನು ಎರಡು ಗಂಟೆ ನಡೆಸಿದರೂ, ಆರು ಗಂಟೆ ನಡೆಸಿದರೂ ಬರುವ ಯೂರಿಯಾ ಹೆಚ್ಚುಕಡಿಮೆ ಅಷ್ಟೇ. ‘ಪುಡಿ ದಣಿಯುತ್ತೆ ಮೇಡಂ’ ಅನ್ನುತ್ತಾಳೆ ಮಿನ್. ದಣಿಯಬಹುದು. ಪ್ರಯೋಗಾಲಯದಿಂದ ಹೊರಟವಳು ಮೆಟ್ಟಿಲ ತನಕ ಹೋಗಿ, ಅನಿಲದ ಸಿಲಿಂಡರ್ ಮುಚ್ಚಿದೆನಾ ಎಂದು ತಿರುಗಿ ಬರುತ್ತೇನೆ. ಮುಚ್ಚಿಯೇ ಇರುತ್ತದೆ.

ನಿನ್ನ ಮಂಡಿ ನೋವಿಗೆ ಎಣ್ಣೆ ಕಳಿಸಿದ್ದೇನೆ. ಬೆಚ್ಚಗೆ ಮಾಡಿ ಹಚ್ಚಿಕೋ. ನಿನ್ನ ಆರೋಗ್ಯ ನೆಟ್ಟಗಿರಲಿ, ಮೊಮ್ಮಗಳು ಯುಯುಗೆ ಒಳ್ಳೆ ಬುದ್ಧಿ ಬರಲಿ.

ನಿನ್ನ ತಂಗಿ
ಜೂಫಾಂಗ್

&nbsp;

ಚಾಂಗ್‌ಶಾ
21 ಮೇ 2023

ಪ್ರೀತಿಯ ಅಕ್ಕನಿಗೆ ನಮಸ್ಕಾರ.

ಈ ಸಲ ನೀನು ಬೇಗ ಬರೆದೆ, ನಾನೇ ತಡ ಮಾಡಿದೆ. ‘ನಾನು ಮೂವತ್ತೊಂದು ವರ್ಷ ಒತ್ತಡದ ಮಾಪಕದ ಮುಂದೆ ಕೂತಿದ್ದವಳು. ಮುಳ್ಳು ಎಲ್ಲಿ ನಿಂತಿದೆಯೋ ಅದನ್ನು ಬರೆದೆ, ಮನೆಗೆ ಹೋಗಿ ಉಂಡು ಮಲಗಿದೆ. ನಿನಗೆ ಅಷ್ಟು ಓದಿಯೂ ಎಂಥ ಹೆದರಿಕೆ?’ ಎಂದು ಬರೆದಿದ್ದೀಯ. ಓದಿದ ಮೇಲೆ ಎರಡು ದಿನ ಕಾಗದ ಮಡಚಿಟ್ಟುಬಿಟ್ಟೆ. ಈಗ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಭಾರದ ಸಾರಜನಕದ ಸಣ್ಣ ಸಿಲಿಂಡರ್ ತಿಂಗಳ ಮೊದಲ ವಾರ ಬಂತು. ಮಿನ್ ಅದನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದಳು. ಕೋಶ ತೊಳೆದು, ಹೊಸ ಉಪ್ಪುನೀರು ತುಂಬಿ, ಎಲ್ಲ ಕೊಳವೆ ಬದಲಾಯಿಸಿ ಎರಡು ಗಂಟೆ ಕರೆಂಟು ಹಾಯಿಸಿದೆವು. ನೀರು ಕಾಯಿಸಿದಾಗ ಬಣ್ಣ ಬಂತು. ಯಾವತ್ತಿನಂತೆಯೇ ಒಳ್ಳೆಯ ಗುಲಾಬಿ. ಮಿನ್ ಮುಖ ಅರಳಿತು. ಉಳಿದ ನೀರು ತೆಗೆದುಕೊಂಡು ಕೆಳಗಿನ ಮಹಡಿಗೆ ಹೋದೆವು.

ಅಲ್ಲಿ ದೊಡ್ಡ ಅಯಸ್ಕಾಂತದ ಯಂತ್ರವಿದೆ. ಅದನ್ನು ನೋಡಿಕೊಳ್ಳುವವರು ಲೋ ಮೇಸ್ತ್ರಿ. ಇನ್ನೊಂದು ವರ್ಷಕ್ಕೆ ನಿವೃತ್ತಿ, ಬಾಯಿ ಮಾತ್ರ ಇನ್ನೂ ಹರೆಯದ್ದು. ಗುರುತಿನ ಸಾರಜನಕದಿಂದ ಆದ ಯೂರಿಯಾ ಆ ಯಂತ್ರದ ಪರದೆಯ ಮೇಲೆ ಪಕ್ಕಪಕ್ಕದ ಎರಡು ಶಿಖರವಾಗಿ ಕಾಣಬೇಕು. ಮಾಮೂಲಿ ಯೂರಿಯಾ ಆದರೆ ಒಂದೇ ಶಿಖರ.

ಲೋ ಮೇಸ್ತ್ರಿ ಕನ್ನಡಕ ಏರಿಸಿ ಪರದೆ ನೋಡಿದರು. ‘ಮದುಮಗ ಬಂದ. ಮದುಮಗಳು ಎಲ್ಲಿ?’ ಅಂದರು.

ಒಂದೇ ಶಿಖರ.

‘ಇನ್ನೊಂದು ಸಲ ನೋಡಿ ಮೇಸ್ತ್ರಿ’ ಅಂದಳು ಮಿನ್.

‘ಎಷ್ಟು ಸಲ ಬೇಕಾದ್ರೂ ನೋಡ್ತೀನಮ್ಮ. ಇದು ಟಿ.ವಿ. ಅಲ್ಲ, ಬೇರೆ ಕಾರ್ಯಕ್ರಮ ಬರಲ್ಲ.’

ನಾಲ್ಕು ಸಲ ನೋಡಿದೆವು. ಮೇಲೆ ಬಂದ ಮೇಲೆ ಮಿನ್ ‘ಸಿಲಿಂಡರೇ ಸರಿ ಇಲ್ವೇನೋ ಮೇಡಂ, ಮಾಮೂಲಿ ಸಾರಜನಕ ತುಂಬಿ ಕಳಿಸಿರಬಹುದು’ ಅಂದಳು. ಪರೀಕ್ಷೆಗೆ ಕಳಿಸಿದೆವು. ಸಿಲಿಂಡರ್ ಸರಿಯಾಗಿತ್ತು. ಹಾಗಾದರೆ ಉಳಿದದ್ದು ಆರ್ಗಾನ್ ಪ್ರಯೋಗ. ಅದನ್ನು ಇಷ್ಟು ದಿನ ಯಾರೂ ಮಾಡಿರಲಿಲ್ಲ. ಮಿನ್ ಮರೆತಿದ್ದಳು. ಕರೆಂಟು ಇಲ್ಲದೆ ಮಾಡಿದ್ದಳು, ಇಂಗಾಲದ ಡೈಆಕ್ಸೈಡ್ ಇಲ್ಲದೆ ಮಾಡಿದ್ದಳು, ಎರಡರಲ್ಲೂ ಬಣ್ಣ ಬಂದಿರಲಿಲ್ಲ. ಅದೇ ಸಾಕು ಎಂದುಕೊಂಡಿದ್ದಳು ಅಂತ ಕಾಣುತ್ತೆ. ನಾನೂ ಒತ್ತಾಯಿಸಿ ಕೇಳಿರಲಿಲ್ಲ.

ಆರ್ಗಾನ್ ಹಾಯಿಸಿದೆವು. ಗುಲಾಬಿ ಬಣ್ಣ ಬಂತು.

ಅಕ್ಕ, ಕೋಶದೊಳಗೆ ಸಾರಜನಕವೇ ಇಲ್ಲ. ಆದರೂ ಯೂರಿಯಾ. ಅಂದರೆ ಸಾರಜನಕ ಬೇರೆಲ್ಲಿಂದಲೋ ನುಸುಳುತ್ತಿದೆ. ಬರಿಗಣ್ಣಿಗೆ ಕಾಣದಷ್ಟು ಸಣ್ಣ ಪ್ರಮಾಣದ ಲೆಕ್ಕಾಚಾರವಲ್ಲವೇ ನಮ್ಮದು, ಬೆರಳಿನ ಬೆವರು ಸಾಕು ಕೆಡಿಸಲು. ಒಂದು ವಾರ ನಾವು ಕಳ್ಳನನ್ನು ಹುಡುಕುವವರ ಹಾಗೆ ಹುಡುಕಿದೆವು. ಕೈಗವಸು ಬದಲಾಯಿಸಿದೆವು. ನೆಲ ಒರೆಸುವ ಹೆಂಗಸಿಗೆ ಅಮೋನಿಯಾ ಇರುವ ದ್ರಾವಣ ತರಬೇಡ ಎಂದೆವು. ಮಾತಾಡದೆ ಬಾಯಿ ಕಟ್ಟಿಕೊಂಡು ಕೆಲಸ ಮಾಡಿದೆವು. ಲೋ ಮೇಸ್ತ್ರಿ ಮೇಲೆ ಬಂದು ನೋಡಿ, ‘ಯೂರಿಯಾ ಬೇಕು ಅಂತ ಇಷ್ಟು ಒದ್ದಾಡ್ತೀರಲ್ಲ, ದಿನಾ ಬೆಳಿಗ್ಗೆ ನಾನು ಪುಕ್ಕಟೆ ಮಾಡ್ತೀನಿ’ ಅಂದರು. ಯಾರೂ ನಗಲಿಲ್ಲ.

ಏನು ಬದಲಾಯಿಸಿದರೂ ಬಣ್ಣ ಬರುತ್ತಲೇ ಇತ್ತು.

ಹೋದ ಮಂಗಳವಾರ ಮಿನ್ ಬರಲಿಲ್ಲ. ಏಳು ವರ್ಷದಲ್ಲಿ ಹೇಳದೆ ತಪ್ಪಿಸಿದವಳಲ್ಲ. ಫೋನ್ ಮಾಡಿದರೆ ಆಫ್. ಹತ್ತು ಗಂಟೆಗೆ ಅವಳ ಹಾಸ್ಟೆಲ್‌ಗೆ ಹೋದೆ. ಅವಳ ಜೊತೆ ಕೋಣೆಯಲ್ಲಿರುವ ಹುಡುಗಿ ಹಲ್ಲುಜ್ಜುತ್ತಾ ಬಾಗಿಲು ತೆಗೆದಳು. ‘ಬೆಳಕು ಹರಿಯೋ ಹೊತ್ತಿಗೇ ಹೋದ್ರು ಮೇಡಂ. ಎಲ್ಲಿಗೆ ಅಂದ್ರೆ ಮಾತೇ ಆಡ್ಲಿಲ್ಲ. ನಿನ್ನೆಯಿಂದ ಊಟಾನೂ ಮಾಡಿಲ್ಲ’ ಅಂದಳು. ಹಾಸಿಗೆ ನೀಟಾಗಿ ಮಡಚಿತ್ತು. ಎರಡು ವರ್ಷದ ಹಿಂದೆ ಪಕ್ಕದ ವಿಭಾಗದ ಒಬ್ಬ ಹುಡುಗ ಹೀಗೇ ಹಾಸಿಗೆ ಮಡಚಿಟ್ಟು ಹೋದವನು ಜೀವಂತ ಮರಳಲಿಲ್ಲ. ಅದನ್ನು ನಿನಗೆ ಬರೆದಿರಲಿಲ್ಲ.

ಗ್ರಂಥಾಲಯ ನೋಡಿದೆ, ಕ್ಯಾಂಟೀನ್ ನೋಡಿದೆ, ಅವಳು ನೂಡಲ್ ತಿನ್ನುವ ಅಂಗಡಿಯಲ್ಲಿ ಕೇಳಿದೆ. ನದಿಯ ಕಡೆಗೆ ಹೋದೆ. ಶಿಯಾಂಗ್ ನದಿ ಮಳೆಯಿಂದ ಕೆಂಪಗೆ ಉಕ್ಕಿ ಹರಿಯುತ್ತಿತ್ತು. ಗಾಳ ಹಾಕಿ ಕೂತಿದ್ದ ಮುದುಕನೊಬ್ಬನನ್ನು ‘ನೀಲಿ ಕೋಟಿನ ಹುಡುಗಿ ಈ ಕಡೆ ಬಂದಳಾ?’ ಎಂದು ಕೇಳಿದೆ. ಅವನು ನನ್ನ ಮುಖ ನೋಡಿ ಗಾಳ ಕೆಳಗಿಟ್ಟು ಎದ್ದು ನಿಂತ. ‘ಬಂದಿಲ್ಲ ತಾಯಿ. ಬೆಳಗಿಂದ ಇಲ್ಲೇ ಇದೀನಿ, ಯಾರೂ ಬಂದಿಲ್ಲ’ ಅಂದ. ಆದರೂ ನಾನು ದಡದುದ್ದಕ್ಕೂ ಮುಂದೆ ನಡೆದೆ.

ಅಷ್ಟರಲ್ಲಿ ಲೋ ಮೇಸ್ತ್ರಿ ಫೋನ್ ಮಾಡಿದರು. ‘ನಿಮ್ಮ ಹುಡುಗಿ ನೆಲಮಾಳಿಗೆಯ ಉಗ್ರಾಣದಲ್ಲಿ ಕೂತಿದಾಳೆ. ಬೇಗ ಬನ್ನಿ, ನಾನು ಕರೆದ್ರೆ ತಿರುಗಿಯೂ ನೋಡ್ತಿಲ್ಲ.’

ಓಡಿದೆ. ರಾಸಾಯನಿಕಗಳ ಉಗ್ರಾಣದ ನೆಲದ ಮೇಲೆ ಮಿನ್ ಕೂತಿದ್ದಳು. ಸುತ್ತ ಬಾಟಲಿಗಳು. ನಾವು ವೇಗವರ್ಧಕ ಮಾಡಲು ಬಳಸಿದ ಒಂದೊಂದು ಬಾಟಲಿಯನ್ನೂ ಇಳಿಸಿ ಎರಡು ಗುಂಪು ಮಾಡಿದ್ದಳು. ನನ್ನನ್ನು ನೋಡಿ ಎದ್ದೇಳಲಿಲ್ಲ. ಒಂದು ಬಾಟಲಿ ಎತ್ತಿ ತೋರಿಸಿದಳು.

‘ಸಿಕ್ಕಿತು ಮೇಡಂ. ತಾಮ್ರದ ನೈಟ್ರೇಟ್. ಇದು ಪಲ್ಲೇಡಿಯಂ ನೈಟ್ರೇಟ್. ನೈಟ್ರೇಟ್‌ನಲ್ಲಿ ಸಾರಜನಕ ಇದೆಯಲ್ಲ. ಪುಡಿ ಮಾಡುವಾಗಲೇ ಒಳಗೆ ಉಳ್ಕೊಂಡಿದೆ, ತೊಳೆದ್ರೂ ಹೋಗಿಲ್ಲ. ನಮ್ಮ ಯೂರಿಯಾ ಇದರಿಂದ ಆಗಿರೋದು. ಅದು ಮುಗಿದ ಕೂಡ್ಲೆ ನಿಂತುಹೋಗುತ್ತೆ. ಪುಡಿ ದಣಿಯೋದಲ್ಲ.’

ನಾನು ಅವಳ ಪಕ್ಕ ನೆಲದ ಮೇಲೆ ಕೂತೆ. ‘ಫೋನ್ ಯಾಕೆ ಆಫ್ ಮಾಡಿದ್ದೆ?’ ಎಂದು ಕೇಳಿದೆ.

‘ಇಲ್ಲಿ ಸಿಗ್ನಲ್ ಸಿಗಲ್ಲ ಮೇಡಂ’ ಅಂದಳು.

ಆಮೇಲೆ ಅವಳು ಅತ್ತಳು. ನಾನು ಬೆನ್ನು ಸವರಿದೆ. ಬೇರೇನು ಮಾಡಲಿ? ಎರಡು ವರ್ಷ ನಾವು ಗಾಳಿಯಿಂದ ಯೂರಿಯಾ ತೆಗೆಯುತ್ತಿದ್ದೇವೆ ಅಂದುಕೊಂಡಿದ್ದೆವು. ನಾವೇ ತಂದು ಸುರಿದದ್ದನ್ನು ನಾವೇ ತೆಗೆಯುತ್ತಿದ್ದೆವು.

ಈಗ ನೈಟ್ರೇಟ್ ಬಿಟ್ಟು ಕ್ಲೋರೈಡ್ ಲವಣಗಳಿಂದ ಹೊಸ ಪುಡಿ ಮಾಡಲು ಹೇಳಿದ್ದೇನೆ. ಅದರಲ್ಲಿ ಏನು ಬರುತ್ತದೋ ನೋಡಬೇಕು. ಸಮಿತಿ ಬರಲು ಇನ್ನು ಮೂರು ವಾರ. ಓಯಾಂಗ್ ಅವರಿಗೆ ಇನ್ನೂ ಹೇಳಿಲ್ಲ. ಹೇಳಬೇಕು, ನಾಳೆಯೇ ಹೇಳುತ್ತೇನೆ.

ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯಾ? ಗುಡ್ಡ ಹತ್ತಬೇಡ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ
ಜೂಫಾಂಗ್

&nbsp;

ಚಾಂಗ್‌ಶಾ
25 ಜೂನ್ 2023

ಪ್ರೀತಿಯ ಅಕ್ಕ,

ದೋಣಿ ಹಬ್ಬಕ್ಕೆ ನೀನು ಎಲೆಯಲ್ಲಿ ಕಟ್ಟಿ ಕಳಿಸಿದ ಕಡುಬು ಹಬ್ಬದ ಹಿಂದಿನ ದಿನವೇ ತಲುಪಿತು. ಮಾಂಸ ಹಾಕಿದ್ದು, ಬೇಳೆ ಹಾಕಿದ್ದು ಎರಡಕ್ಕೂ ಬೇರೆ ಬೇರೆ ಬಣ್ಣದ ದಾರ ಕಟ್ಟಿದ್ದೀಯ. ಒಂದು ತಿಂದೆ. ಇಷ್ಟು ದಿನಕ್ಕೆ ರುಚಿ ಅನ್ನುವುದು ಗೊತ್ತಾದದ್ದು ಅದೊಂದರಲ್ಲೇ. ಉತ್ತರ ಬರೆಯಲು ಮತ್ತೆ ಒಂದು ತಿಂಗಳು ಮಾಡಿದೆ. ಬೈದುಕೋ.

ಕ್ಲೋರೈಡ್‌ನಿಂದ ಮಾಡಿದ ಪುಡಿ ಹಾಕಿ ಪ್ರಯೋಗ ಮಾಡಿದೆವು. ಸಾರಜನಕ ಹಾಯಿಸಿದೆವು, ಇಂಗಾಲದ ಡೈಆಕ್ಸೈಡ್ ಹಾಯಿಸಿದೆವು, ಕರೆಂಟು ಕೊಟ್ಟೆವು. ದ್ರಾವಣ ಸೇರಿಸಿ ಕಾಯಿಸಿದೆವು. ನೀರು ನೀರಾಗಿಯೇ ಇತ್ತು. ಮಿನ್ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು, ಬಿಳಿ ಕಾಗದದ ಎದುರು ಹಿಡಿದು ನೋಡಿದಳು. ಆಮೇಲೆ ಪ್ರಯೋಗದ ದಾಖಲೆ ಪುಸ್ತಕದಲ್ಲಿ ‘ಬಣ್ಣವಿಲ್ಲ’ ಎಂದು ಬರೆದಳು. ಹನ್ನೊಂದು ಸಲ ಮಾಡಿದೆವು. ಹನ್ನೊಂದು ಸಲವೂ ಅವಳು ಅದೇ ಅಂದವಾದ ಅಕ್ಷರದಲ್ಲಿ ಅದನ್ನೇ ಬರೆದಳು. ಬೇರೆಯವರ ಕೋಶದಲ್ಲಿ ಆಗುತ್ತದೋ ಏನೋ ನನಗೆ ಗೊತ್ತಿಲ್ಲ. ನಮ್ಮದರಲ್ಲಿ ಗಾಳಿಯ ಸಾರಜನಕ ಒಂದು ಕಣವೂ ಅಲುಗಿರಲಿಲ್ಲ.

ಲೇಖನ ವಾಪಸು ತೆಗೆದುಕೊಂಡೆ. ಓಯಾಂಗ್ ಅವರಿಗೆ ಹೇಳಿದಾಗ ಅವರು ಚಹಾ ಕಪ್ಪಿನ ಮುಚ್ಚಳ ತೆಗೆದವರು ಮತ್ತೆ ಹಾಕಲಿಲ್ಲ. ‘ಸಮಿತಿಗೆ ನಾನು ಏನು ಹೇಳಲಿ ಜೂಫಾಂಗ್? ಸುದ್ದಿ ಹಾಕಿದ ದಿನಪತ್ರಿಕೆಯವರಿಗೆ ಏನು ಹೇಳಲಿ? ಫೆಬ್ರವರಿಯಲ್ಲಿ ನೀವೇ ಅಲ್ವಾ ನನ್ನ ಪಕ್ಕ ನಿಂತು ಫೋಟೋ ತೆಗೆಸ್ಕೊಂಡಿದ್ದು?’ ಅಂದರು. ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಸಮಿತಿಯ ಭೇಟಿ ರದ್ದಾಯಿತು. ಬದಲಿಗೆ ಸಂಸ್ಥೆಯವರೇ ಐದು ಜನ ಕೂತು ನಮ್ಮ ವಿಚಾರಣೆ ನಡೆಸಿದರು. ಉದ್ದ ಮೇಜು, ಎಲ್ಲರ ಮುಂದೆ ಬಿಸಿನೀರಿನ ಕಪ್ಪು. ಪುಸ್ತಕಗಳನ್ನು ತಿರುವಿ ನೋಡಿದರು. ಯಾವ ಅಂಕಿಯನ್ನೂ ತಿದ್ದಿಲ್ಲ, ಸುಳ್ಳು ಬರೆದಿಲ್ಲ ಎಂದು ಒಪ್ಪಿಕೊಂಡರು. ಕೊನೆಗೆ ಓಯಾಂಗ್ ಕೇಳಿದರು: ‘ಆರ್ಗಾನ್ ಪರೀಕ್ಷೆ ಮೊದಲನೇ ತಿಂಗಳೇ ಮಾಡಬೇಕಾದದ್ದು. ಯಾಕೆ ಮಾಡಲಿಲ್ಲ?’

ಯಾರೋ ಎದ್ದು ಎಲ್ಲರ ಕಪ್ಪಿಗೂ ಮತ್ತೆ ಬಿಸಿನೀರು ತುಂಬಿಸಿ ಕೂತರು. ಮಿನ್ ಎದ್ದು ನಿಂತಳು. ‘ನನ್ನ ತಪ್ಪು. ಮರೆತೆ’ ಅಂದಳು.

‘ಎರಡು ವರ್ಷ ಮರೆತ್ರಾ?’

‘ಹೌದು.’

ತೀರ್ಮಾನ ಹೋದ ವಾರ ಬಂತು. ನನಗೆ ಎಚ್ಚರಿಕೆಯ ಒಂದು ಮಾತು. ಮಿನ್‌ಳ ಕಡತದಲ್ಲಿ ‘ತೀವ್ರ ನಿರ್ಲಕ್ಷ್ಯ’ ಎಂದು ಬರೆದಿದ್ದಾರೆ. ಅವಧಿ ವಿಸ್ತರಿಸುವುದಿಲ್ಲ. ಡಾಕ್ಟರೇಟ್ ಇಲ್ಲದೆ, ಇಷ್ಟು ವರ್ಷ ಇಲ್ಲಿದ್ದಳು ಎಂಬ ಒಂದು ಪ್ರಮಾಣಪತ್ರ ಹಿಡಿದು ಹೋಗಬೇಕು. ಆ ಎರಡು ಪದ ಕಡತದಲ್ಲಿ ಇರುವ ತನಕ ಬೇರೆ ಯಾವ ಪ್ರಯೋಗಾಲಯವೂ ಅವಳನ್ನು ಸೇರಿಸಿಕೊಳ್ಳುವುದಿಲ್ಲ.

ನಿನ್ನೆ ಅವಳ ಅಮ್ಮ ಹಾಸಿಗೆ ಬಟ್ಟೆ ಒಯ್ಯಲು ಶಾವೊಯಾಂಗ್‌ನಿಂದ ಬಂದಿದ್ದಳು. ನನ್ನ ಕೋಣೆ ಹುಡುಕಿಕೊಂಡು ಬಂದು ಬಾಗಿಲಲ್ಲೇ ನಿಂತಳು. ಚಿಕ್ಕ ಹೆಂಗಸು, ಕೈಯಲ್ಲಿ ಹೊಟ್ಟು ತುಂಬಿದ ಡಬ್ಬಿ. ‘ಬಾತುಕೋಳಿ ಮೊಟ್ಟೆ ಮೇಡಂ, ನಾನೇ ಉಪ್ಪು ಹಾಕಿದ್ದು. ಒಂದೂ ಒಡೆದಿಲ್ಲ, ತೊಡೆ ಮೇಲೆ ಇಟ್ಕೊಂಡು ಬಂದೆ’ ಅಂದಳು. ಕೂರಿ ಎಂದರೂ ಕೂರಲಿಲ್ಲ. ‘ನನ್ನ ಮಗಳು ನಿಮ್ಮ ಹೆಸರು ಕೆಡಿಸಿದ್ಲಂತೆ. ಅವಳು ಸಣ್ಣವಳಿದ್ದಾಗ್ಲಿಂದ ಮರೆವಿನವಳಲ್ಲ, ಈಗ ಯಾಕೆ ಹೀಗಾಯ್ತೋ. ತಪ್ಪು ತಿಳ್ಕೋಬೇಡಿ. ಏಳು ವರ್ಷ ಅನ್ನ ಹಾಕಿ ಸಾಕಿದ ಹಾಗೆ ನೋಡ್ಕೊಂಡ್ರಿ.’

ನಾನು ಡಬ್ಬಿ ಇಸಿದುಕೊಂಡೆ. ಒಳ್ಳೆಯದಾಗಲಿ ಎಂದೆ. ಅವಳು ಹೋದಳು.

ಇದಿಷ್ಟು ಇಲ್ಲಿಯ ಸುದ್ದಿ. ಇಲ್ಲಿ ಸೆಕೆ ಶುರುವಾಗಿದೆ, ಅಲ್ಲಿ ಹೇಗಿದೆಯೋ. ಯುಯು ಪರೀಕ್ಷೆ ಚೆನ್ನಾಗಿ ಮಾಡಿದಳೆಂದು ನಿನ್ನ ಸೊಸೆ ತಿಳಿಸಿದಳು, ಅವಳಿಗೆ ನನ್ನ ಆಶೀರ್ವಾದ. ನಿನಗೆ ಆಯಸ್ಸು ಆರೋಗ್ಯ ಇರಲಿ. ನೀನು ಗಟ್ಟಿಯಾಗಿದ್ದರೆ ನನಗೆ ಊರು ಅಂತ ಒಂದು ಇರುತ್ತದೆ.

ನಿನ್ನ ತಂಗಿ
ಜೂಫಾಂಗ್

ತಾ.ಕ. 28 ಜೂನ್. ಈ ಕಾಗದ ಮೂರು ದಿನದಿಂದ ನನ್ನ ಚೀಲದಲ್ಲೇ ಇದೆ. ಹರಿದುಹಾಕಿ ಬೇರೆ ಬರೆಯಬೇಕಿತ್ತು. ಹರಿಯಲಿಲ್ಲ. ನಾನು ನಿನಗೆ ಏನು ಬರೆದಿದ್ದೆನೋ ಅದು ಹಾಗೇ ಇರಲಿ, ನೀನೂ ನೋಡು.

ಮಿನ್ ಮರೆತಿರಲಿಲ್ಲ ಅಕ್ಕ. ಹೋದ ನವೆಂಬರ್‌ನಲ್ಲಿ ಒಂದು ದಿನ ಮಧ್ಯಾಹ್ನ ಅವಳು ಗುಲಾಬಿ ನೀರಿನ ಕೊಳವೆ ಹಿಡಿದು ನನ್ನ ಕೋಣೆಗೆ ಬಂದಳು. ‘ಮೇಡಂ, ಆರ್ಗಾನ್ ಹಾಕಿದ್ರೂ ಬಣ್ಣ ಬಂತು’ ಅಂದಳು. ಮರುದಿನ ಓಯಾಂಗ್ ಅವರ ಮುಂದೆ ನಮ್ಮ ಫಲಿತಾಂಶ ಹೇಳುವುದಿತ್ತು. ಐವತ್ತೇಳು ವರ್ಷಕ್ಕೆ ಮೊದಲ ಸಲ ನನ್ನನ್ನು ಯಾರೋ ಕರೆದು ಕೂರಿಸಿ ಕೇಳುವವರಿದ್ದರು. ನಾನು ಕೊಳವೆಯನ್ನು ಕೈಯಲ್ಲೂ ಹಿಡಿಯಲಿಲ್ಲ. ‘ಸರಿಯಾಗಿ ತೊಳೆದಿಲ್ಲ ನೀನು. ಪುಸ್ತಕದಲ್ಲಿ ಬರೀಬೇಡ, ಹೊಸ ವರ್ಷದ ಹಬ್ಬ ಕಳೆದ ಮೇಲೆ ಇನ್ನೊಂದು ಸಲ ಮಾಡೋಣ’ ಅಂದೆ. ಅವಳು ನಿಂತೇ ಇದ್ದಳು. ‘ಮೂರು ಸಲ ಮಾಡಿದೀನಿ ಮೇಡಂ’ ಅಂದಳು. ‘ಮಿನ್, ಆಮೇಲೆ’ ಅಂದೆ. ಹಬ್ಬ ಕಳೆಯಿತು. ನಾನು ಕೇಳಲಿಲ್ಲ. ಅವಳೂ ಮತ್ತೆ ಬರಲಿಲ್ಲ. ನಾನು ಖಾರ ಬಿಟ್ಟದ್ದು ಅವತ್ತಿನಿಂದ.

ವಿಚಾರಣೆಯಲ್ಲಿ ಅವಳು ‘ಮರೆತೆ’ ಅಂದಾಗ ಬಾಯಿ ತೆರೆಯುವುದಕ್ಕೆ ನನಗೆ ಬೇಕಾದಷ್ಟು ಹೊತ್ತಿತ್ತು.

ನಿನ್ನೆ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಓಯಾಂಗ್ ಅವರ ಮೇಜಿನ ಮೇಲಿಟ್ಟೆ. ಓದಿದರು. ‘ಮುಗಿದ ಮೇಲೆ ಯಾಕೆ ತಂದ್ರಿ?’ ಎಂದು ಕೇಳಿದರು. ಆಮೇಲೆ ವಿಚಾರಣೆಯವರನ್ನು ಮತ್ತೆ ಕರೆಸಿ ತೀರ್ಮಾನ ಬದಲಾಯಿಸಿದರು. ಕಡತದ ಆ ಎರಡು ಪದ ತೆಗೆಯುತ್ತಾರೆ, ಮಿನ್‌ಗೆ ಒಂದು ವರ್ಷ ಕೊಡುತ್ತಾರೆ, ನೈಟ್ರೇಟ್ ಹೇಗೆ ಮೋಸ ಮಾಡುತ್ತದೆ ಎಂಬುದರ ಮೇಲೆಯೇ ಅವಳು ಪ್ರಬಂಧ ಬರೆಯಬಹುದು. ಸೆಪ್ಟೆಂಬರ್‌ನಿಂದ ಪ್ರಯೋಗಾಲಯ ನನ್ನ ಕೈಲಿರುವುದಿಲ್ಲ.

ಸಂಜೆ ಮಿನ್ ಬಂದಳು. ಪ್ರಯೋಗಾಲಯದ ಬೀಗದ ಕೈ ಕೊಡಲು. ಬೇರೆ ಮಾರ್ಗದರ್ಶಕರನ್ನು ಕೇಳಿಕೊಂಡಿದ್ದಾಳೆ. ನಾನು, ‘ಅವತ್ತು ಯಾಕೆ ನನ್ನ ಹೆಸರು ಹೇಳಲಿಲ್ಲ?’ ಎಂದೆ.

‘ನೀವೇ ಹೇಳ್ತೀರಿ ಅಂದ್ಕೊಂಡು ನಿಮ್ಮನ್ನೇ ನೋಡ್ತಿದ್ದೆ ಮೇಡಂ. ನೀವು ಕಪ್ ನೋಡ್ತಾ ಕೂತಿದ್ರಿ’ ಅಂದಳು. ಜೋರಾಗಿ ಹೇಳಲಿಲ್ಲ. ಬೀಗದ ಕೈ ಮೇಜಿನ ಮೇಲಿಟ್ಟು, ಯಾವತ್ತಿನಂತೆ ತಲೆ ಬಾಗಿಸಿ ಹೋದಳು.

ಮೂರು ಕಾಗದ ಬರೆದು ನಿನಗೂ ಸುಳ್ಳು ಹೇಳಿದೆ. ಉತ್ತರ ಬರೆಯಬೇಕು ಅನ್ನಿಸಿದರೆ ಮಾತ್ರ ಬರೆ, ಅಕ್ಕ.